ನಡುವಿನ ಕಲ್ಲಿನ ಬಾಡಿಗೆದಾರ

ರಾತ್ರಿ ಒಂದೂವರೆಗೆ ಹಜಾರದಲ್ಲಿ 'ಗಳಕ್' ಎಂದು ಒಂದು ಸಣ್ಣ ಸದ್ದಾಯಿತು.

ಮನೆಯಲ್ಲಿದ್ದ ಮೂವರಲ್ಲಿ ಎಚ್ಚರವಾದದ್ದು ಗಾಳಿಬೆಳಕಣ್ಣನಿಗೆ ಮಾತ್ರ. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಗಳ ಬ್ರೋಕರ್ ಆಗಿದ್ದವನ ಕಿವಿ ಅದು. ಸೋರುವ ನಲ್ಲಿ ಯಾವುದು, ಕೆಟ್ಟ ಫ್ಲಶ್ ಯಾವುದು, ಮೇಲಿನ ಮನೆಯವರು ಎಳೆದ ಕುರ್ಚಿ ಯಾವುದು ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಈ ಸದ್ದು ಮೂರರಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಮತ್ತೊಮ್ಮೆ 'ಗಳಕ್' ಎಂದಾಗ ಅವನಿಗೆ ಹೊಳೆಯಿತು. ಅಕ್ವೇರಿಯಮ್ಮಿನ ಪಂಪು ಏನನ್ನೋ ನುಂಗಲು ಹೊರಟಿತ್ತು.

ಓಡಿಹೋಗಿ ಟಾರ್ಚ್ ಬಿಟ್ಟ. ಸಂಜೆ ಅಂಗಡಿಯಿಂದ ತಂದು, ಮೂರು ಗಂಟೆ ಹೊತ್ತು ತೊಟ್ಟುತೊಟ್ಟಾಗಿ ತೊಟ್ಟಿಯ ಉಪ್ಪುನೀರು ಬೆರೆಸಿ ಒಗ್ಗಿಸಿ, ನಡುವಿನ ಕಲ್ಲಿನ ಮೇಲೆ ತನ್ನ ಕೈಯಾರೆ ಕೂರಿಸಿದ್ದ ಅನಿಮೋನ್ ಅಲ್ಲಿರಲಿಲ್ಲ. ಬುಡದಲ್ಲಿ ಒಂದೇ ಒಂದು ಪಾದ, ತಲೆಯ ತುಂಬ ಲೆಕ್ಕವಿಲ್ಲದಷ್ಟು ಬೆರಳು ಇರುವ ಆ ಸಮುದ್ರದ ಪ್ರಾಣಿ ಗಾಜಿನ ಮೇಲೆ ತೆವಳಿಕೊಂಡು ಪಂಪಿನ ಬಾಯಿಯವರೆಗೆ ಬಂದಿತ್ತು. ಎರಡು ಬೆರಳು ಆಗಲೇ ಒಳಗೆ ಹೋಗಿದ್ದವು. ಯಾವ ಪ್ಲಗ್ ಯಾವುದರದು ಎಂದು ನೋಡುವ ಗೋಜಿಗೆ ಹೋಗದೆ ಗಾಳಿಬೆಳಕಣ್ಣ ಗೋಡೆಯಲ್ಲಿದ್ದ ನಾಲ್ಕನ್ನೂ ಕಿತ್ತ. ಪಂಪು ನಿಂತಿತು. ಜೊತೆಗೆ ಫ್ರಿಜ್ಜೂ ನಿಂತದ್ದು ಬೆಳಿಗ್ಗೆ ಹಾಲು ಒಡೆದಾಗ ತಿಳಿಯಿತು.

"ಏನ್ರೀ ಅದು?" ಕೋಣೆಯಿಂದ ಹೆಂಡತಿ ಕೇಳಿದಳು.

"ಏನಿಲ್ಲ. ಪಾರ್ಟಿಗೆ ಜಾಗ ಹಿಡಿಸಿಲ್ಲ. ಬೆಳಿಗ್ಗೆ ಮಾತಾಡ್ತೀನಿ. ನೀನು ಮಲ್ಕೋ."

ಅವನಿಗೆ ಗಾಳಿಬೆಳಕಣ್ಣ ಎಂಬ ಹೆಸರು ಬಂದದ್ದು ಕಸುಬಿನಿಂದ. ಯಾವ ಮನೆಯ ಬೀಗ ತೆಗೆದರೂ ಹೊಸ್ತಿಲಲ್ಲೇ ನಿಂತು, "ಗಾಳಿ ಬೆಳಕು ಚೆನ್ನಾಗಿದೆ" ಎನ್ನುತ್ತಿದ್ದ. ಒಮ್ಮೆ ನೆಲಮಾಳಿಗೆಯ ಗೋದಾಮು ತೋರಿಸುವಾಗ ಕರೆಂಟು ಹೋಗಿ, ನೋಡಲು ಬಂದವರು ಗೋಡೆ ತಡವುತ್ತಿದ್ದ ಹೊತ್ತಿನಲ್ಲೂ ಅದನ್ನೇ ಅಂದಿದ್ದನಂತೆ. ಅಂಥವನ ಮನೆಗೆ ಅಕ್ವೇರಿಯಂ ಬಂದದ್ದೂ ಕಸುಬಿನಿಂದಲೇ. ಒಂದೂವರೆ ವರ್ಷದ ಹಿಂದೆ ಮನೆ ಖಾಲಿ ಮಾಡಿದ ಒಬ್ಬ ಬಾಡಿಗೆದಾರ ಉಪ್ಪುನೀರಿನ ಆ ದೊಡ್ಡ ತೊಟ್ಟಿಯನ್ನೂ, ಅದರಲ್ಲಿದ್ದ ಕಿತ್ತಳೆ ಬಣ್ಣದ ಎರಡು ಪಟ್ಟೆಮೀನುಗಳನ್ನೂ ಬಿಟ್ಟುಹೋಗಿದ್ದ.

ಎಲ್ಲ ಸುಖವಾಗಿಯೇ ನಡೆದಿತ್ತು, ಆಡಿಟರಮ್ಮ ಬರುವವರೆಗೆ.

ಆಡಿಟರಮ್ಮ ಎಂದರೆ ಲೆಕ್ಕ ತಪಾಸಣೆಯ ಇಲಾಖೆಯಿಂದ ನಿವೃತ್ತರಾದವರು. ನಿವೃತ್ತಿ ಇಲಾಖೆಯಿಂದ ಮಾತ್ರ, ತಪಾಸಣೆಯಿಂದಲ್ಲ. ಅವರು ಹೊಸದಾಗಿ ಕಟ್ಟಿಸಿದ ಎಂಟು ಮನೆಗಳಿಗೆ ಬಾಡಿಗೆದಾರರನ್ನು ಹುಡುಕಿಕೊಡಲು ಒಬ್ಬ ಬ್ರೋಕರನನ್ನು ಹುಡುಕುತ್ತಿದ್ದರು. ನಾಲ್ಕು ನಿಮಿಷ ತಡವಾಗಿ ಬಂದನೆಂದು ಒಬ್ಬನನ್ನೂ, ನಾಲ್ಕು ನಿಮಿಷ ಮೊದಲೇ ಬಂದನೆಂದು ಇನ್ನೊಬ್ಬನನ್ನೂ ಕೈಬಿಟ್ಟಿದ್ದರು. ಕಳೆದ ಭಾನುವಾರ ಗಾಳಿಬೆಳಕಣ್ಣನ ಮನೆಗೇ ಬಂದು, ಅವನ ಮಾತಿಗಿಂತ ಹೆಚ್ಚಾಗಿ ಅವನ ತೊಟ್ಟಿಯನ್ನು ನೋಡಿದರು.

"ಈ ಮೀನು ಎರಡೂ ಯಾಕೆ ಮೂಲೇಲಿ ನಿಂತಿವೆ?"

"ರೆಸ್ಟ್ ಮಾಡ್ತಿವೆ ಮೇಡಂ."

"ಇವು ಅನಿಮೋನ್ ಒಳಗೆ ವಾಸ ಮಾಡೋ ಮೀನು. ನಾನು ಓದಿದೀನಿ. ಊರಿಗೆಲ್ಲ ಮನೆ ಕೊಡಿಸ್ತೀರಿ, ನಿಮ್ಮನೇಲಿರೋರಿಗೇ ಮನೆ ಇಲ್ಲ."

ಗಾಳಿಬೆಳಕಣ್ಣ ಅನಿಮೋನ್ ಎಂಬ ಮಾತನ್ನು ಕೇಳಿದ್ದು ಅದೇ ಮೊದಲು. ಗೊತ್ತಿಲ್ಲ ಎನ್ನುವುದು ಮಾತ್ರ ಅವನ ಕಸುಬಿನಲ್ಲಿ ಇರಲಿಲ್ಲ.

"ಅದು ಆಗಲೇ ಮಾತಾಗಿದೆ ಮೇಡಂ. ನಾಳೆ ಬರುತ್ತೆ. ಮುಂದಿನ ಭಾನುವಾರ ನೀವು ಬರೋ ಹೊತ್ತಿಗೆ ಈ ನಡುವಿನ ಕಲ್ಲಿನ ಮೇಲೆ ಕೂತಿರುತ್ತೆ. ನಾನು ಕೂರಿಸಿದವರು ಎದ್ದುಹೋದ ಉದಾಹರಣೆ ಇಲ್ಲ."

ಆಡಿಟರಮ್ಮ ಡೈರಿ ತೆಗೆದು ಬರೆದುಕೊಂಡರು. ಬರೆದದ್ದನ್ನು ಓದಿಯೂ ಹೇಳಿದರು. "ಭಾನುವಾರ, ಹನ್ನೊಂದು ಗಂಟೆ. ಅನಿಮೋನ್. ನಡುವಿನ ಕಲ್ಲು." ಆಮೇಲೆ ಪೆನ್ನಿನ ಟೋಪಿ ಹಾಕುತ್ತ, "ನನ್ನ ಎಂಟು ಮನೆ ವಿಷಯಾನೂ ಅವತ್ತೇ ತೀರ್ಮಾನ ಮಾಡೋಣ" ಅಂದರು.

ಹೀಗೆ ಎಂಟು ಮನೆಗಳು ಒಂದು ಕಲ್ಲಿನ ಮೇಲೆ ನಿಂತವು.

ಪಂಪಿನ ಆ ರಾತ್ರಿ ಕಳೆದು, ಮಂಗಳವಾರ ಬೆಳಿಗ್ಗೆ ಅವನು ಅಂಗಡಿಯವನಿಗೆ ಫೋನ್ ಮಾಡಿದ.

"ಅಣ್ಣ, ಮೊದಲು ಪಂಪಿನ ಬಾಯಿಗೆ ಸ್ಪಂಜು ಕಟ್ಟಿ," ಎಂದ ಅಂಗಡಿಯವನು. "ಆಮೇಲೆ ಅದನ್ನ ಮುಟ್ಟಬೇಡಿ. ಒಂದು ವಾರ ಊಟ ಹಾಕಬೇಡಿ. ಅದಕ್ಕೆ ಇಷ್ಟವಾದ ಜಾಗ ಅದೇ ಹುಡುಕ್ಕೊಳ್ಳುತ್ತೆ."

"ನೋಡಪ್ಪ, ಇಷ್ಟವಾದ ಜಾಗ ಅಂತ ಯಾವ ಪಾರ್ಟಿಗೂ ತಾನಾಗೇ ಗೊತ್ತಾಗಲ್ಲ. ನಾವು ಮನಸ್ಸಿಗೆ ತರಬೇಕು."

"ಅದಕ್ಕೆ ಮನಸ್ಸೂ ಇಲ್ಲ ಅಣ್ಣ. ಮಿದುಳೇ ಇಲ್ಲ."

"ನನ್ನ ಪಾರ್ಟಿಗಳನ್ನ ನೀನು ನೋಡಿಲ್ಲ," ಎಂದು ಗಾಳಿಬೆಳಕಣ್ಣ ಫೋನ್ ಇಟ್ಟ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕೋಟುಗಳ ಹೆಗಲಿಗೆ ಇಡಲು ತಂದಿದ್ದ ಹೊಸ ಸ್ಪಂಜು ಪಂಪಿನ ಬಾಯಿ ಸೇರಿತು. ಅವಳು ಉಳಿದ ಸ್ಪಂಜನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಬುಧವಾರ ಗಾಳಿಬೆಳಕಣ್ಣ ತನ್ನ ಕಸುಬಿನ ಮೊದಲ ಪಟ್ಟು ಹಾಕಿದ. ಮನೆ ತೋರಿಸುವವರಿಗೆಲ್ಲ ತಿಳಿದ ಪಟ್ಟು ಅದು. ಮೊದಲು ತೀರಾ ಕೆಟ್ಟದ್ದನ್ನು ತೋರಿಸಬೇಕು, ಆಮೇಲೆ ಅಷ್ಟಕ್ಕಷ್ಟೆ ಅನ್ನುವಂಥದ್ದನ್ನು, ಕೊನೆಗೆ ತಾನು ದಾಟಿಸಬೇಕೆಂದಿರುವುದನ್ನು. ತೊಟ್ಟಿಯ ಹಿಂಬದಿಗೆ ಕಪ್ಪು ಕಾಗದ ಅಂಟಿಸಿ ಕತ್ತಲೆ ಮಾಡಿದ. ಪಂಪಿನ ನೀರು ಎಡಮೂಲೆಗೆ ರಪರಪ ಬಡಿಯುವಂತೆ ತಿರುಗಿಸಿದ. ಅದರ ಬೆರಳು ಕುಟುಕುತ್ತವೆಂದು ಉದ್ದ ಕೈಗವಸು ತೊಟ್ಟು, ಗಾಜಿಗೆ ಅಂಟಿದ್ದ ಅನಿಮೋನನ್ನು ಮೆಲ್ಲಗೆ ಬಿಡಿಸಿ ಮೊದಲು ಕತ್ತಲೆಯ ಕಡೆ ಹಿಡಿದ, ಆಮೇಲೆ ರಭಸದ ಕಡೆ ಹಿಡಿದ, ಕೊನೆಗೆ ನಡುವಿನ ಕಲ್ಲಿನ ಮೇಲಿಟ್ಟು, "ಹೋಲಿಸಿ ನೋಡಿ" ಅಂದ.

ಅನಿಮೋನ್ ಹೋಲಿಸಿ ನೋಡಿತು. ಅರ್ಧ ಗಂಟೆಯಲ್ಲಿ ಕಲ್ಲಿನಿಂದ ಇಳಿಯಿತು.

"ಅಳಿಯಂದ್ರೇ," ಎಂದರು ಸೋಫಾದಲ್ಲಿ ಕೂತು ನೋಡುತ್ತಿದ್ದ ಅತ್ತೆ. ಅವರು ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. "ಹುಟ್ಟಿದ ಮಗೂನ ಒಬ್ಬೊಬ್ಬರೇ ಎತ್ತಿ ಎತ್ತಿ ಇಳಿಸಿದರೆ ಅದೂ ಹೀಗೇ ಮುಖ ಸೊಟ್ಟಗೆ ಮಾಡುತ್ತೆ. ಅದರ ಪಾಡಿಗೆ ಬಿಡಿ."

"ಇದು ಮಗು ಅಲ್ಲ ಅತ್ತೆ, ಪಾರ್ಟಿ. ಇನ್ನೊಂದು ಪಾರ್ಟಿ ಕಣ್ಣು ಹಾಕಿದೆ ಅಂತ ಗೊತ್ತಾದರೆ ತಾನಾಗೇ ಓಡಿ ಬರುತ್ತೆ."

ಅದು ಎರಡನೆಯ ಪಟ್ಟು. ಇನ್ನೊಂದು ಪಾರ್ಟಿಯ ಪಾತ್ರಕ್ಕೆ ಹೆಂಡತಿಯ ಗುಲಾಬಿ ಬಣ್ಣದ, ನಿರಿಗೆ ನಿರಿಗೆಯಾದ ಹೇರ್‌ಬ್ಯಾಂಡ್ ಒದಗಿತು. ಅದನ್ನು ಹತ್ತು ಸಲ ತೊಳೆದು ನಡುವಿನ ಕಲ್ಲಿಗೆ ಸುತ್ತಿದ. ಅನಿಮೋನ್ ಅತ್ತ ತಿರುಗಿಯೂ ನೋಡಲಿಲ್ಲ; ನೋಡಲು ಅದಕ್ಕೆ ಕಣ್ಣಿಲ್ಲವೆಂದು ಅಂಗಡಿಯವನು ಹೇಳಿದ್ದು ಆಮೇಲೆ. ಆದರೆ ಒಂದೂವರೆ ವರ್ಷ ಮೂಲೆಯಲ್ಲಿ ನಿಂತಿದ್ದ ಆ ಎರಡು ಮೀನುಗಳು ಹೇರ್‌ಬ್ಯಾಂಡನ್ನು ಕಂಡವು. ಸುತ್ತ ಒಂದು ಸುತ್ತು ಬಂದವು. ಮೈ ಉಜ್ಜಿದವು. ಸಂಜೆಯ ಹೊತ್ತಿಗೆ ಅದರ ನಿರಿಗೆಯೊಳಗೆ ಸಂಸಾರ ಹೂಡಿದ್ದವು. ಬಿಡಿಸಲು ಹೋದ ಗಾಳಿಬೆಳಕಣ್ಣನ ಕೈಗವಸಿಗೆ ಹೆಣ್ಣು ಮೀನು ನಾಲ್ಕು ಸಲ ಕುಕ್ಕಿತು.

"ನನ್ನ ಬ್ಯಾಂಡ್ ವಾಪಸ್ ಬರುತ್ತಾ?" ಎಂದಳು ಹೆಂಡತಿ.

"ಸದ್ಯಕ್ಕೆ ಬರಲ್ಲ. ಪಾರ್ಟಿ ಒಳಗೆ ಸೇರಿಕೊಂಡಿದೆ."

ಗುರುವಾರ ಅನಿಮೋನ್ ಕುಗ್ಗಿತು. ಅಂಗೈ ಅಗಲದ ಪ್ರಾಣಿ ನಿಂಬೆಹಣ್ಣಿನಷ್ಟಾಗಿ, ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು, ಬಾಯಿಂದ ಕಂದು ಬಣ್ಣದ ಲೋಳೆ ಕಾರಿತು. ಗಾಳಿಬೆಳಕಣ್ಣನ ಮುಖವೂ ಅಷ್ಟೇ ಚಿಕ್ಕದಾಯಿತು. ಹೊಟ್ಟೆ ಖಾಲಿ ಮಾಡಿಕೊಂಡು ಚೇತರಿಸಿಕೊಳ್ಳುತ್ತೆ, ಕೊಳೆತ ವಾಸನೆ ಬಂದರೆ ಮಾತ್ರ ಹೆದರಬೇಕು ಎಂದ ಅಂಗಡಿಯವನು. ಗಾಳಿಬೆಳಕಣ್ಣ ಹದಿನೈದು ನಿಮಿಷಕ್ಕೊಮ್ಮೆ ತೊಟ್ಟಿಯ ಮೇಲೆ ಬಗ್ಗಿ ಮೂಸಿ ನೋಡತೊಡಗಿದ. ಅಷ್ಟಕ್ಕೇ ನಿಲ್ಲಿಸದೆ, ನೆಲ ಅದುರುತ್ತದೆಂದು ಹೊಲಿಗೆ ಯಂತ್ರ ನಿಲ್ಲಿಸಿದ. ಟಿವಿ ನಿಲ್ಲಿಸಿದ. ಮಿಕ್ಸಿ ನಿಲ್ಲಿಸಿದ. ಮನೆಯವರೆಲ್ಲ ತುದಿಗಾಲಲ್ಲಿ ಓಡಾಡಿದರು. ಕುಕ್ಕರಿನ ಸೀಟಿ ಬರುವ ಮೊದಲೇ ಹೆಂಡತಿ ಒಲೆ ಆರಿಸಬೇಕಾಯಿತು, ಎರಡು ದಿನ ಬೇಳೆ ಅರೆಬೆಂದೇ ತಟ್ಟೆಗೆ ಬಂತು.

ಶುಕ್ರವಾರ ಮಧ್ಯಾಹ್ನ ಕೆಳಗಿನ ಮನೆಯ ಸೆಕ್ರೆಟರಿ ಬಂದರು. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಹನ್ನೊಂದು ವರ್ಷದಿಂದ ದೂರು ಕೊಡುತ್ತಿದ್ದವರು, ಈಗ ಸದ್ದಿಲ್ಲವೆಂದು ಬಂದಿದ್ದರು.

"ಏನ್ರೀ, ನಿನ್ನೆಯಿಂದ ಮಷೀನೇ ಓಡ್ತಿಲ್ಲ?"

ಗಾಳಿಬೆಳಕಣ್ಣ ಹೊರಗೆ ಬಂದು ಬಾಗಿಲು ಎಳೆದುಕೊಂಡ. "ಮೆತ್ತಗೆ ಮಾತಾಡಿ ಸಾರ್. ಒಳಗೆ ಪರಿಸ್ಥಿತಿ ಚೆನ್ನಾಗಿಲ್ಲ."

"ಯಾವಾಗಿಂದ?"

"ಸೋಮವಾರ ರಾತ್ರಿಯಿಂದಲೇ ಸರಿ ಇಲ್ಲ. ಹೊಟ್ಟೆಗೆ ಏನೂ ಇಲ್ಲ. ನಿನ್ನೆ ಪೂರ್ತಿ ಕುಗ್ಗಿಹೋಯ್ತು. ವಾಂತಿ ಬೇರೆ."

ಸೆಕ್ರೆಟರಿ ಕನ್ನಡಕ ತೆಗೆದರು. "ವಯಸ್ಸೆಷ್ಟು?"

"ಸರಿಯಾಗಿ ಯಾರಿಗೂ ಗೊತ್ತಿಲ್ಲ ಸಾರ್."

"ಹಿಂದಿನ ಕಾಲದವರದ್ದು ಹಾಗೇನೆ. ತಿಳಿದೋರಿಗೆ ತೋರಿಸಿದ್ರಾ?"

"ಕೇಳಿದೆ. ಮುಟ್ಟಬೇಡಿ, ಹಾಗೇ ಬಿಟ್ಟುಬಿಡಿ ಅಂದ್ರು."

"ಕೈಚೆಲ್ಲಿದ್ರು ಅನ್ನಿ," ಎಂದು ಸೆಕ್ರೆಟರಿ ಅವನ ಹೆಗಲು ಒತ್ತಿ, ಮೆಟ್ಟಿಲಿಳಿದು ಹೋದರು.

ಸಂಜೆ ಆರಕ್ಕೆ ಲಿಫ್ಟು ತುಂಬ ಜನ ಬಂದರು. ಎಲ್ಲರ ಮುಖವೂ ಗಂಭೀರ, ಎಲ್ಲರ ಕೈಯಲ್ಲೂ ಹಣ್ಣಿನ ಚೀಲ. ಬೆಲ್ ಒತ್ತಬಾರದೆಂದು ಸೆಕ್ರೆಟರಿ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಬಾಗಿಲು ತೆರೆದದ್ದು ಅತ್ತೆ.

ಸೆಕ್ರೆಟರಿಗೆ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ, ಮುಂದಕ್ಕೆ ಬರಲು ಧೈರ್ಯವಿರಲಿಲ್ಲ.

"ಯಾರನ್ನ ನೋಡೋಕೆ ಬಂದ್ರಿ?" ಎಂದು ಕೇಳಿದರು ಅತ್ತೆ.

"ನಿಮ್ಮನ್ನೇ."

"ಹಾಗಾದ್ರೆ ನೋಡಿ." ಅತ್ತೆ ಎರಡು ಕ್ಷಣ ನೆಟ್ಟಗೆ ನಿಂತರು. ಆಮೇಲೆ ಒಬ್ಬೊಬ್ಬರ ಕೈಯಿಂದಲೂ ಚೀಲ ತೆಗೆದುಕೊಂಡರು. "ಹಣ್ಣು ಇಲ್ಲೇ ಇರಲಿ. ಇವತ್ತಲ್ಲ ನಾಳೆ ನೀವು ತರಬೇಕಾದದ್ದೇ ತಾನೆ."

ನಿಜ ಸಂಗತಿ ತಿಳಿದ ಮೇಲೂ ಯಾರೂ ಹೋಗಲಿಲ್ಲ. ತೊಟ್ಟಿಯ ಮುಂದೆ ಸಾಲಾಗಿ ನಿಂತು, ಉಪ್ಪು ಹೆಚ್ಚಾಯಿತೆಂದು ಒಬ್ಬರು, ಕಡಿಮೆಯಾಯಿತೆಂದು ಇನ್ನೊಬ್ಬರು, ಜೋಡಿ ಇಲ್ಲದ್ದಕ್ಕೆ ಕೊರಗುತ್ತಿದೆಯೆಂದು ಮೂರನೆಯವರು ಹೇಳಿ, ರಾತ್ರಿ ಎಂಟಕ್ಕೆ ಚದುರಿದರು. ಆದರೆ ಮಧ್ಯಾಹ್ನ ಹೊರಟಿದ್ದ ಸುದ್ದಿ ಅಷ್ಟರಲ್ಲಿ ನಾಲ್ಕು ಬೀದಿ ದಾಟಿತ್ತು. ಒಂಬತ್ತು ಗಂಟೆಗೆ ಆಡಿಟರಮ್ಮನ ಫೋನ್ ಬಂತು.

"ನಿಮ್ಮ ಅತ್ತೆಯವರು ಹೋದ ವಿಷಯ ಗೊತ್ತಾಯ್ತು. ಭಾನುವಾರದ ಭೇಟಿ ಒಂದು ವಾರ ಮುಂದಕ್ಕೆ ಹಾಕೋಣ."

ಗಾಳಿಬೆಳಕಣ್ಣ ಫೋನಿನ ಮೇಲೆ ಕೈ ಮುಚ್ಚಿ ಅತ್ತೆಯ ಕಡೆ ನೋಡಿದ. ಅತ್ತೆ ಸೇಬು ಹೆಚ್ಚುತ್ತಿದ್ದರು. ವಿಷಯ ಕೇಳಿ ತಲೆಯೆತ್ತಲೂ ಇಲ್ಲ.

"ಬೇಕಾದ್ರೆ ಒಂದು ವಾರ ಸತ್ತಿರ್ತೀನಿ ಅಳಿಯಂದ್ರೇ. ನನಗೇನು ತೊಂದರೆ ಇಲ್ಲ."

ಒಂದು ವಾರ ಸಿಕ್ಕರೆ ಏನೆಲ್ಲ ಮಾಡಬಹುದು. ಗಾಳಿಬೆಳಕಣ್ಣ ತೊಟ್ಟಿಯ ಕಡೆ ನೋಡಿದ. ನಿಂಬೆಹಣ್ಣಿನಂತಿದ್ದ ಅನಿಮೋನ್ ಕಲ್ಲುಗಳ ಸಂದಿಯಲ್ಲಿ ಒಂದು ಅಂಗುಲ, ತನ್ನ ಪಾಡಿಗೆ ತಾನು, ಮುಂದೆ ಸರಿದಿತ್ತು. ನೋಡಿ ಅವನಿಗೂ ಹಠ ಬಂತು.

"ಇಲ್ಲ ಮೇಡಂ. ಅತ್ತೆ ಗಟ್ಟಿಮುಟ್ಟಾಗಿದಾರೆ. ಭಾನುವಾರ ಹನ್ನೊಂದಕ್ಕೇ ಬನ್ನಿ."

ಶನಿವಾರ ಬೆಳಿಗ್ಗೆ ಅನಿಮೋನ್ ಕೂತಿತ್ತು.

ಹಿಂಬದಿಯ ಬಲಮೂಲೆ. ಮುಂದೆ ಒಂದು ದೊಡ್ಡ ಕಲ್ಲು ಅಡ್ಡ, ಹಿಂದೆ ಗೋಡೆ. ಕಲ್ಲಿನ ಬಿರುಕಿನೊಳಗೆ ಪಾದವನ್ನು ಆಳವಾಗಿ ತೂರಿಸಿಕೊಂಡು, ಊಟದ ತಟ್ಟೆಯಷ್ಟು ಅಗಲವಾಗಿ ಅರಳಿ, ನೇರಳೆ ತುದಿಯ ಬೆರಳುಗಳನ್ನೆಲ್ಲ ನೀರಿಗೆ ಬಿಟ್ಟುಕೊಂಡು ಕೂತಿತ್ತು. ಮನೆಯಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಸೋಫಾದಲ್ಲಿ ಕೂತರೆ ಅದರ ಒಂದು ಬೆರಳೂ ಕಾಣುತ್ತಿರಲಿಲ್ಲ. ಸೋಫಾದಿಂದ ಕಾಣುತ್ತಿದ್ದದ್ದು ನಡುವಿನ ಕಲ್ಲು, ಅದರ ಮೇಲೆ ಗುಲಾಬಿ ಹೇರ್‌ಬ್ಯಾಂಡ್, ಅದರೊಳಗಿಂದ ಇಣುಕುವ ಎರಡು ಮೀನು.

ಗಾಳಿಬೆಳಕಣ್ಣ ಹಳೆಯ ಎಟಿಎಂ ಕಾರ್ಡ್ ತೆಗೆದ. ಅಂಟಿಕೊಂಡದ್ದನ್ನು ಎಬ್ಬಿಸಲು ಅದೇ ಸರಿ ಎಂದು ಎಲ್ಲೋ ನೋಡಿದ್ದ. ಅಂಗಿಯ ತೋಳು ಮಡಚಿ ಕೈಯನ್ನು ಹೆಗಲವರೆಗೆ ನೀರಿಗಿಳಿಸಿದ. ಕಾರ್ಡಿನ ಅಂಚು ಪಾದಕ್ಕೆ ತಗುಲಿತು. ಅನಿಮೋನ್ ಬೆರಳುಗಳನ್ನು ಒಮ್ಮೆಲೇ ಮುಚ್ಚಿಕೊಂಡಿತು.

"ಪಾದ ಹರಿದರೆ ಸಾಯುತ್ತೆ ಅಂದಿದ್ದ ಅಂಗಡಿಯವನು," ಎಂದಳು ಹಿಂದೆ ನಿಂತಿದ್ದ ಹೆಂಡತಿ.

"ಎಂಟು ಮನೆ ಕಣೇ."

"ಗೊತ್ತು. ನಿಮಗೆ ಬೇಕಾಗಿರೋದು ಅದು ಕೂರೋದಾ, ಅಥವಾ ನಿಮ್ಮ ಕಲ್ಲಾ, ಅಷ್ಟು ಹೇಳಿ. ಅದು ಕೂತಿದೆ."

ಅವನು ತುಂಬ ಹೊತ್ತು ಕೈಯನ್ನು ಹಾಗೇ ನೀರಿನಲ್ಲಿ ಇಟ್ಟುಕೊಂಡು ನಿಂತಿದ್ದ. ಮುಚ್ಚಿದ್ದ ಬೆರಳುಗಳಲ್ಲಿ ಒಂದು ತೆರೆಯಿತು, ಆಮೇಲೆ ಇನ್ನೆರಡು. ಗಾಳಿಬೆಳಕಣ್ಣ ಕಾರ್ಡ್ ಹೊರಗೆ ತೆಗೆದ.

ಕೈ ತೆಗೆದ ಮಾತ್ರಕ್ಕೆ ಹಠ ಬಿಟ್ಟನೆಂದಲ್ಲ. ಪಾರ್ಟಿಯನ್ನು ಮನೆಯ ಮುಂಭಾಗಕ್ಕೆ ತರಲಾಗದಿದ್ದರೆ, ಮುಂಭಾಗವನ್ನೇ ಪಾರ್ಟಿಯ ಕಡೆಗೆ ಒಯ್ಯಬೇಕು. ಶನಿವಾರ ಮಧ್ಯಾಹ್ನದಿಂದ ಅವನು ಹಜಾರವನ್ನು ತಿರುಗಿಸಿದ. ಸೋಫಾ ಅಡಿಗೆಮನೆಯ ಬಾಗಿಲಿಗೆ ಅರ್ಧ ಅಡ್ಡವಾಯಿತು. ಟಿವಿ ಗೋಡೆ ನೋಡಿತು. ಹೊಲಿಗೆ ಯಂತ್ರ ಬಚ್ಚಲಿನ ಮುಂದೆ ಬಂದು, ಒಳಗೆ ಹೋಗುವವರು ಒಮ್ಮೆ ಪೆಡಲ್ ತುಳಿದೇ ಹೋಗುವಂತಾಯಿತು. ತೊಟ್ಟಿಯ ಬಲಬದಿಗೂ ಕಿಟಕಿಗೂ ನಡುವೆ ಇದ್ದ ಕಿರಿದಾದ ಸಂದಿಯಲ್ಲಿ ಮನೆಯ ಒಳ್ಳೆಯ ಕುರ್ಚಿಯನ್ನು ಹಾಕಿದ. ಅಲ್ಲಿಗೆ ಅಡ್ಡಡ್ಡ ನಡೆದೇ ಹೋಗಬೇಕು. ಹೋಗಿ ಕೂತರೆ ಮಾತ್ರ ಮೂಗಿನ ನೇರಕ್ಕೆ ಅನಿಮೋನ್.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಆಡಿಟರಮ್ಮ ಬಂದರು. ಬಾಗಿಲಿನಲ್ಲಿ ಎದುರಾದ ಅತ್ತೆಯನ್ನು ತಲೆಯಿಂದ ಪಾದದವರೆಗೆ ಪರಿಶೀಲಿಸಿ, ತೃಪ್ತರಾಗಿ, ಅಡ್ಡಡ್ಡ ನಡೆದು ಕುರ್ಚಿ ಸೇರಿದರು. ಅತ್ತೆ ಉಳಿದ ಹಣ್ಣು ಹಿಡಿದುಕೊಂಡು ಮೇಲಿನ ಮನೆಗೆ ಹೋದರು. ಆಡಿಟರಮ್ಮ ಡೈರಿ ತೆರೆದರು.

"ನಡುವಿನ ಕಲ್ಲು," ಎಂದು ಓದಿ, ಕತ್ತು ಚಾಚಿ ನೋಡಿದರು. "ಅಲ್ಲಿರೋದ್ಯಾರು?"

"ಅದು ಹೇರ್‌ಬ್ಯಾಂಡ್ ಮೇಡಂ."

"ಅನಿಮೋನ್?"

ಗಾಳಿಬೆಳಕಣ್ಣನ ನಾಲಗೆಯ ತುದಿಗೆ ಇಪ್ಪತ್ತೆರಡು ವರ್ಷದ ಮಾತುಗಳೆಲ್ಲ ಬಂದು ನಿಂತವು. ಮೂಲೆಯಾದರೆ ಏಕಾಂತ, ಕಲ್ಲು ಅಡ್ಡವಿದ್ದರೆ ಭದ್ರತೆ, ಹಿಂಬದಿಯಾದರೆ ಗಲಾಟೆಯಿಲ್ಲ. ಹೇಳಬಹುದಿತ್ತು.

"ಇಲ್ಲಿದೆ ಮೇಡಂ. ನಾನು ಹೇಳಿದ ಕಲ್ಲಿನ ಮೇಲೆ ಕೂರಲಿಲ್ಲ. ಆರು ದಿನ ಕೂರಿಸೋಕೆ ನೋಡಿದೆ. ನನ್ನ ಕೈಯಲ್ಲಿ ಆಗಲಿಲ್ಲ. ಇದು ಅದೇ ಹುಡುಕಿಕೊಂಡ ಜಾಗ."

ಆಡಿಟರಮ್ಮ ಡೈರಿಯನ್ನು ನೋಡಿದರು, ಕಲ್ಲನ್ನು ನೋಡಿದರು, ಮೂಲೆಯನ್ನು ನೋಡಿದರು. "ಟೀ ಇದ್ದರೆ ಕೊಡಿ," ಅಂದರು.

ಗಾಳಿಬೆಳಕಣ್ಣ ಸೋಫಾದ ಪಕ್ಕ ನುಸುಳಿ ಅಡಿಗೆಮನೆಗೆ ಹೋದ. ಎಂಟು ಮನೆಯೂ ಕೈತಪ್ಪಿದವೆಂದೇ ಅವನ ಲೆಕ್ಕ. ಹೆಂಡತಿ ಕೊಟ್ಟ ಟ್ರೇ ಹಿಡಿದು ಬಾಗಿಲಿಗೆ ಬಂದವನು ಹಾಗೇ ನಿಂತ.

ಆಡಿಟರಮ್ಮ ಕುರ್ಚಿಯಲ್ಲಿರಲಿಲ್ಲ. ತೊಟ್ಟಿಯ ಮುಚ್ಚಳ ಸರಿದಿತ್ತು. ಅವರ ಬಲಗೈ ಮೊಣಕೈಯಿಂದ ಮೇಲಕ್ಕೂ ನೀರಿನಲ್ಲಿತ್ತು. ಎಡಗೈಯಲ್ಲಿ ಡೈರಿಯನ್ನು ನೀರು ತಾಗದಂತೆ ಎತ್ತಿ ಹಿಡಿದಿದ್ದರು. ಅನಿಮೋನಿನ ಪಾದದ ಬಳಿ ತೋರುಬೆರಳು ಆಡಿಸುತ್ತ, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ನೋಡಿ, ನಡುವಿನ ಕಲ್ಲು ಅಂತ ನಾನು ದಾಖಲೆ ಮಾಡಿಕೊಂಡಾಗಿದೆ. ಸ್ವಲ್ಪ ಸಹಕರಿಸಬೇಕು. ನಾಲ್ಕೇ ಅಂಗುಲ ಈಚೆಗೆ ಬಂದರೆ ಸಾಕು." ಅನಿಮೋನ್ ಸಹಕರಿಸಲಿಲ್ಲ. ಬದಲಿಗೆ ಬೆರಳನ್ನು ಹಿಡಿದುಕೊಂಡಿತು. "ಬಿಡಿ. ಬೆರಳು ಬಿಡಿ. ನಾನು ಮೂವತ್ತೈದು ವರ್ಷ ಅಧಿಕಾರಿಯಾಗಿದ್ದವಳು."

ಗಾಳಿಬೆಳಕಣ್ಣ ಟ್ರೇಯೊಂದಿಗೆ ಹಿಂದೆ ಹಿಂದೆಯೇ ನಡೆದು ಅಡಿಗೆಮನೆಗೆ ವಾಪಸಾದ.

"ಯಾಕ್ರೀ ಬಂದ್ರಿ?"

"ಸಕ್ಕರೆ."

"ಹಾಕಿದೀನಿ."

"ಇನ್ನೊಂದು ಚಮಚ ಹಾಕು. ನಿಧಾನಕ್ಕೆ ಕಲಸು."

"ಅವರು ಸಕ್ಕರೆ ಜಾಸ್ತಿ ತಗೊಳ್ತಾರಾ?"

"ಈಗ ಬೇಕಾಗುತ್ತೆ."

ಹೆಂಡತಿ ಕಲಸಿದಳು. ಅವನು ಸ್ಟೀಲಿನ ತಟ್ಟೆಯೊಂದನ್ನು ಎತ್ತಿ, ಬೇಕೆಂದೇ ನೆಲಕ್ಕೆ ಬಿಟ್ಟ. ಅದು ಸುತ್ತುತ್ತ ಸುತ್ತುತ್ತ ಸದ್ದು ಮಾಡಿ ಮಲಗುವವರೆಗೆ ಕಾದ. ಒಳಗೆ ಜನ ಮಲಗಿರುವ ಮನೆಯನ್ನು ತೋರಿಸಲು ಹೋದಾಗ ಬಾಗಿಲಲ್ಲಿ ಕೆಮ್ಮುವ ಕೆಮ್ಮೊಂದಿತ್ತು ಅವನ ಬಳಿ. ಅದನ್ನೂ ಕೆಮ್ಮಿ, ಹಜಾರಕ್ಕೆ ಹೋದ.

ಆಡಿಟರಮ್ಮ ಕುರ್ಚಿಯಲ್ಲಿದ್ದರು. ಬಲಗೈ ಡೈರಿಯ ಕೆಳಗಿತ್ತು. ಆ ಕಡೆಯ ತೋಳಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅನಿಮೋನ್ ಅರ್ಧ ಮುಚ್ಚಿಕೊಂಡು, ಇದ್ದ ಜಾಗದಲ್ಲೇ ಇತ್ತು.

"ಇದನ್ನ ಅಲ್ಲಿಂದ ಎಬ್ಬಿಸೋಕೆ ನೀವು ನೋಡಿದ್ರಾ?"

"ನಿನ್ನೆ ಕೈ ಹಾಕಿದ್ದೆ ಮೇಡಂ. ಆಮೇಲೆ ಮನಸ್ಸು ಬರಲಿಲ್ಲ."

"ಏಳಲ್ಲ ಅದು," ಎಂದರು ಆಡಿಟರಮ್ಮ. ಒಂದು ಕ್ಷಣ ಬಿಟ್ಟು, "ಏಳೋ ಹಾಗೆ ಕಾಣಲ್ಲ, ನೋಡಿದರೆ," ಎಂದು ತಿದ್ದಿದರು.

ಆಮೇಲೆ ಎಡಗೈಯಿಂದ ಪೆನ್ನು ಹಿಡಿದು, 'ನಡುವಿನ ಕಲ್ಲು' ಎಂಬುದನ್ನು ಹೊಡೆದುಹಾಕಿ, ಪುಟ್ಟ ಮಕ್ಕಳ ಅಕ್ಷರದಂತೆ ಸೊಟ್ಟಸೊಟ್ಟಗೆ ಬರೆದರು: 'ಹಿಂದಿನ ಮೂಲೆ. ಭದ್ರವಾಗಿದೆ.' ಎಡಗೈಯಿಂದಲೇ ಟೀ ಕುಡಿದರು, ಪೂರ್ತಿ.

"ಆಗಲಿಲ್ಲ ಅಂತ ಹೇಳಿದ ಬ್ರೋಕರ್‌ನ ನಾನು ಈವರೆಗೆ ನೋಡಿರಲಿಲ್ಲ. ನಾಳೆ ಹತ್ತಕ್ಕೆ ಬಂದು ಕೀ ತಗೊಳ್ಳಿ. ಎಂಟೂ ಮನೇದು."

ಅವರು ಅಡ್ಡಡ್ಡ ನಡೆದು ಹೊರಟಾಗ, ಬಾಗಿಲಲ್ಲಿ ಬೀಳ್ಕೊಡಲು ನಿಂತ ಗಾಳಿಬೆಳಕಣ್ಣ ಅವರ ಬಲಗೈಯ ತೋರುಬೆರಳು ಕೆಂಪಗೆ ಊದಿರುವುದನ್ನು ಕಂಡ. ಕೂಡಲೇ ಚಾವಣಿಯ ಫ್ಯಾನು ನೋಡತೊಡಗಿದ.

ಲಿಫ್ಟಿನ ಬಾಗಿಲು ಮುಚ್ಚುತ್ತಲೇ ಹೆಂಡತಿ ಹಜಾರಕ್ಕೆ ಬಂದಳು. "ಒಪ್ಪಿದ್ರಾ? ಕಲ್ಲಿನ ಮೇಲೆ ಇಲ್ಲದಿದ್ದರೂನಾ? ಏನಂದ್ರಿ ಅವರಿಗೆ?"

"ಏನೂ ಅನ್ನಲಿಲ್ಲ."

"ಇದೇನು, ಕುರ್ಚಿಯಿಂದ ಬಾಗಿಲವರೆಗೆ ನೀರು?"

"ನಾನೇ ಚೆಲ್ಲಿದೆ."

ಅವಳು ಅವನ ನೀರು ತಾಗದ ಅಂಗಿಯನ್ನೂ, ಸರಿದಿದ್ದ ಮುಚ್ಚಳವನ್ನೂ ನೋಡಿದಳು. ಗಾಳಿಬೆಳಕಣ್ಣ ಅವಳಿಗೆ ಬೆನ್ನು ಮಾಡಿ, ಒರೆಸುವ ಬಟ್ಟೆ ತಂದು, ಬಾಗಿಲಿನಿಂದ ಕುರ್ಚಿಯವರೆಗೆ ಒಂದೊಂದೇ ಹನಿಯನ್ನು ಒರೆಸುತ್ತ ಬಂದ. ಇದನ್ನು ಕೇಳಲು ಹೆಂಡತಿ ಇದ್ದಳು, ಅತ್ತೆ ಇದ್ದರು, ಸೆಕ್ರೆಟರಿಯಂತೂ ಕಿವಿ ಚಾಚಿಕೊಂಡೇ ಇದ್ದರು. ಹೇಳಿದರೆ ಸಂಜೆಯೊಳಗೆ ನಾಲ್ಕು ಬೀದಿ ದಾಟುವಂಥ ಸುದ್ದಿ. ಅವನು ಕೊನೆಯ ಹನಿ ಒರೆಸಿ, ತೊಟ್ಟಿಯ ಮುಚ್ಚಳವನ್ನು ಸರಿಯಾಗಿ ಕೂರಿಸಿ, ಬಟ್ಟೆಯನ್ನು ಹಿಂಡಿದ. ಬಾಯಿಯನ್ನೇ ಬಂಡವಾಳ ಮಾಡಿಕೊಂಡು ಬದುಕಿದ ಆ ಮನುಷ್ಯ ಒಂದು ಸಂಗತಿಯನ್ನು ಯಾರಿಗೂ, ಎಂದಿಗೂ ಹೇಳಬಾರದೆಂದು ತೀರ್ಮಾನಿಸಿದ್ದು ಅದೇ ಮೊದಲು.